ಮೊಹರು ಒಡೆಯುವ ಮುನ್ನ

ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಬೆಳ್ಳಿ ರೂಪಾಯಿಯ ಗಂಟು ತೀರಾ ಅಪರೂಪದ ವಸ್ತುವೇನಲ್ಲ. ಕಬ್ಬಿಣದ ಪೆಟ್ಟಿಗೆಯ ತಳದಲ್ಲೋ, ಅಟ್ಟದ ಮೇಲಿನ ಹಿತ್ತಾಳೆ ಕೊಡದೊಳಗೋ, ದಪ್ಪ ಬಟ್ಟೆಯಲ್ಲಿ ಸುತ್ತಿ, ಹುರಿಯಿಂದ ಬಿಗಿದು, ಕೆಲವೊಮ್ಮೆ ಗಂಟಿನ ಮೇಲೆ ಅರಗು ಸುರಿದು ಇಟ್ಟಿರುತ್ತಾರೆ. ಕಟ್ಟಿದವರು ತೀರಿಹೋಗಿ ಎಷ್ಟೋ ಕಾಲವಾಗಿರುತ್ತದೆ. ಮನೆ ಪಾಲಾಗುವ ದಿನ ಅದು ಹೊರಗೆ ಬರುತ್ತದೆ. ಆಗ ಹಿರಿಯರೊಬ್ಬರು "ಹಿಂದಿನವರು ಕಟ್ಟಿಟ್ಟದ್ದು, ಹಾಗೇ ಇರಲಿ ಬಿಡ್ರಪ್ಪ" ಎನ್ನುತ್ತಾರೆ. ಕಿರಿಯರು "ಬಿಚ್ಚದೆ ಪಾಲು ಮಾಡೋದು ಹೇಗೆ ದೊಡ್ಡಪ್ಪ?" ಎನ್ನುತ್ತಾರೆ. ಸಾಮಾನ್ಯವಾಗಿ ಕಿರಿಯರ ಮಾತೇ ನಡೆಯುತ್ತದೆ. ಸಂಜೆಯೊಳಗೆ ಗಂಟು ಬಿಚ್ಚಿ ತಲೆಗಿಷ್ಟು ಎಂದು ಹಂಚುತ್ತಾರೆ. ಕೆಲವು ವರ್ಷ ಕಳೆಯುವುದರೊಳಗೆ ಬಹಳಷ್ಟು ನಾಣ್ಯ ಅಕ್ಕಸಾಲಿಯ ಮೂಸೆಯಲ್ಲಿ ಕರಗಿ ಕಾಲುಚೈನೋ ಕುಂಕುಮದ ಬಟ್ಟಲೋ ಆಗಿರುತ್ತವೆ.

ಬಿಚ್ಚಬೇಕೋ ಬಾರದೋ ಎಂಬ ಇದೇ ಪ್ರಶ್ನೆಯನ್ನು ಒಂದು ದೇಶವೇ ಲಕ್ಷಗಟ್ಟಲೆ ಚೀಲಗಳ ಮುಂದೆ ನಿಂತು ಎದುರಿಸಿದ್ದುಂಟು. ಅದು ಅಮೆರಿಕ. ಅಮೆರಿಕದ ಕಥೆ ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಯಾಕಪ್ಪಾ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಆ ಚೀಲಗಳಲ್ಲಿದ್ದ ಬೆಳ್ಳಿಯ ದೊಡ್ಡದೊಂದು ಪಾಲು ಹಡಗು ಹತ್ತಿ ನಮ್ಮ ದೇಶಕ್ಕೇ ಬಂತು. ರೂಪಾಯಿಯಾಗಿ ನಮ್ಮ ಸಂತೆಗಳಲ್ಲಿ ಓಡಾಡಿತು. ನಿಮ್ಮ ಅಜ್ಜಿಯ ಗಂಟಿನಲ್ಲೂ ಅದರ ಒಂದು ಚೂರು ಇರಬಹುದು.

1878ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು. ಸರ್ಕಾರದ ಖಜಾನೆ ಪ್ರತಿ ತಿಂಗಳೂ 20 ಲಕ್ಷದಿಂದ 40 ಲಕ್ಷ ಡಾಲರಿನಷ್ಟು ಬೆಳ್ಳಿಯನ್ನು ಕೊಂಡು ನಾಣ್ಯ ಹೊಡೆಸಬೇಕು ಎಂಬುದೇ ಆ ಕಾನೂನು. ನೆವಾಡಾ ರಾಜ್ಯದ ಗಣಿಗಳಿಂದ ಬೆಳ್ಳಿ ಧಾರಾಳವಾಗಿ ಬರುತ್ತಿತ್ತು, ಬೆಲೆ ಇಳಿಯುತ್ತಿತ್ತು. ಗಣಿಯ ಒಡೆಯರಿಗೆ ಗಿರಾಕಿ ಬೇಕಾಗಿತ್ತು. ಸಾಲದಲ್ಲಿ ಮುಳುಗಿದ್ದ ರೈತರಿಗೆ ಹಣ ಸುಲಭವಾಗಿ ಸಿಗುವಂತಾಗಬೇಕಿತ್ತು. ಇಬ್ಬರ ಒತ್ತಾಯವೂ ಸೇರಿ ಹುಟ್ಟಿದ್ದು ಜಾರ್ಜ್ ಮಾರ್ಗನ್ ಎಂಬ ಶಿಲ್ಪಿ ರೂಪಿಸಿದ ಬೆಳ್ಳಿ ಡಾಲರು. ಅದರ ತೂಕ 26.73 ಗ್ರಾಂ, ನೂರಕ್ಕೆ 90 ಪಾಲು ಬೆಳ್ಳಿ, 10 ಪಾಲು ತಾಮ್ರ. ನಮ್ಮ ಒಂದು ತೊಲದ ರೂಪಾಯಿ 11.66 ಗ್ರಾಂ ಎಂಬುದನ್ನು ನೆನೆದರೆ ಅದು ಎಷ್ಟು ಭಾರದ ನಾಣ್ಯವೆಂದು ಗೊತ್ತಾಗುತ್ತದೆ.

ಭಾರವೇ ಅದಕ್ಕೆ ಮುಳುವಾಯಿತು. ಇಂಥ ನಾಣ್ಯವನ್ನು ಜೇಬಿನಲ್ಲಿ ಹೊತ್ತು ತಿರುಗುವವರು ಯಾರು? ಜನ ಅದರ ಬದಲಿಗೆ ಕಾಗದದ ಬೆಳ್ಳಿ ಪತ್ರವನ್ನೇ ಇಟ್ಟುಕೊಂಡರು. ಕಾನೂನಿನ ಪ್ರಕಾರ ನಾಣ್ಯ ಹೊಡೆಯುವುದು ಮಾತ್ರ ನಿಲ್ಲುವಂತಿರಲಿಲ್ಲ. ಹೀಗಾಗಿ ಟಂಕಸಾಲೆಯಿಂದ ಹೊಸ ನಾಣ್ಯಗಳು ಹೊರಬರುವುದು, ಸಾವಿರಕ್ಕೊಂದು ಕ್ಯಾನ್ವಾಸ್ ಚೀಲ ತುಂಬುವುದು, ಬಾಯಿ ಕಟ್ಟಿ ಮೊಹರು ಹಾಕುವುದು, ನೆಲಮಾಳಿಗೆಗೆ ಸೇರಿಸುವುದು, ಇದೇ ನಡೆಯಿತು. ಒಂದು ಚೀಲ ಸುಮಾರು 27 ಕಿಲೋ. ಫಿಲಡೆಲ್ಫಿಯಾ, ಸ್ಯಾನ್ ಫ್ರಾನ್ಸಿಸ್ಕೊ, ನ್ಯೂ ಆರ್ಲಿಯನ್ಸ್, ಕಾರ್ಸನ್ ಸಿಟಿ, ಈ ನಾಲ್ಕು ಊರುಗಳ ಟಂಕಸಾಲೆಗಳು 1904ರವರೆಗೆ ಹೊಡೆದ ಡಾಲರುಗಳಲ್ಲಿ ಕೋಟ್ಯಂತರ ನಾಣ್ಯಗಳು ಯಾರ ಕೈಯನ್ನೂ ಮುಟ್ಟಲಿಲ್ಲ.

ಆಮೇಲೆ ಮೊದಲನೆಯ ಮಹಾಯುದ್ಧ ಬಂತು. ಬ್ರಿಟನ್ನಿಗೆ ಭಾರತದಿಂದ ಧಾನ್ಯ, ಸೆಣಬು, ಚರ್ಮ ಎಲ್ಲವೂ ಬೇಕಾಗಿತ್ತು. ಸಿಪಾಯಿಗಳಿಗೆ ಸಂಬಳ ಕೊಡಬೇಕಾಗಿತ್ತು. ಕೊಡಬೇಕಾದದ್ದು ರೂಪಾಯಿಯಲ್ಲಿ, ಅಂದರೆ ಬೆಳ್ಳಿಯಲ್ಲಿ. ನಮ್ಮ ರೈತ ಕೈಗೆ ಬಂದ ಬೆಳ್ಳಿಯನ್ನು ಮತ್ತೆ ಸುಲಭಕ್ಕೆ ಹೊರಗೆ ಬಿಡುವವನಲ್ಲ. ಇತ್ತ ಬೆಳ್ಳಿಯ ಬೆಲೆ ಏರುತ್ತಲೇ ಹೋಯಿತು. ಸರ್ಕಾರ 1917ರ ನವೆಂಬರಿನಲ್ಲಿ ಒಂದು ರೂಪಾಯಿಯ ಕಾಗದದ ನೋಟು ತಂದಿತು, ಅದರ ಬೆನ್ನಿಗೇ ಎರಡೂವರೆ ರೂಪಾಯಿಯ ನೋಟು. ನೋಟು ತಂದುಕೊಟ್ಟರೆ ಬೆಳ್ಳಿ ಕೊಡುತ್ತೇವೆ ಎಂಬುದು ಸರ್ಕಾರದ ವಚನ. 1918ರ ಬೇಸಿಗೆಯ ಹೊತ್ತಿಗೆ ಬೊಂಬಾಯಿಯಲ್ಲಿ ಜನ ನೋಟು ಹಿಡಿದು ಬೆಳ್ಳಿಗಾಗಿ ಮುಗಿಬಿದ್ದರು. ಬೊಕ್ಕಸದಲ್ಲಿ ರೂಪಾಯಿ ಕರಗುತ್ತಾ ಬಂತು. ಒಂದು ದಿನ "ಬೆಳ್ಳಿ ಇಲ್ಲ" ಎಂದು ಬಾಗಿಲು ಮುಚ್ಚಿದ್ದರೆ ಯುದ್ಧದ ನಡುವೆ ಸರ್ಕಾರದ ಮಾತಿನ ಮೇಲೆ ನಂಬಿಕೆಯೇ ಉಳಿಯುತ್ತಿರಲಿಲ್ಲ.

ಜಗತ್ತಿನಲ್ಲಿ ಅಷ್ಟು ಬೆಳ್ಳಿ ಒಂದೇ ಕಡೆ ಸಿದ್ಧವಾಗಿದ್ದದ್ದು ಅಮೆರಿಕದ ನೆಲಮಾಳಿಗೆಗಳಲ್ಲಿ. ಆಗ ವಾಷಿಂಗ್ಟನ್ನಿನಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದವರು ಲಾರ್ಡ್ ರೀಡಿಂಗ್. ಮುಂದೆ 1921ರಲ್ಲಿ ವೈಸ್‌ರಾಯ್ ಆಗಿ ನಮ್ಮ ದೇಶಕ್ಕೆ ಬಂದವರು ಇವರೇ. 1918ರ ಏಪ್ರಿಲ್ 23ರಂದು ಪಿಟ್‌ಮನ್ ಕಾಯ್ದೆ ಜಾರಿಯಾಯಿತು. ಪಿಟ್‌ಮನ್ ನೆವಾಡಾದ ಸೆನೆಟರ್. ಅಂದರೆ ಬೆಳ್ಳಿ ಗಣಿಗಳ ನಾಡಿನ ಪ್ರತಿನಿಧಿ. ಆದ್ದರಿಂದಲೇ ಕಾಯ್ದೆಯಲ್ಲಿ ಇನ್ನೊಂದು ಷರತ್ತೂ ಇತ್ತು: ಕರಗಿಸಿದಷ್ಟೇ ಬೆಳ್ಳಿಯನ್ನು ಆಮೇಲೆ ಅಮೆರಿಕದ ಗಣಿಗಳಿಂದಲೇ ಔನ್ಸಿಗೆ ಒಂದು ಡಾಲರಿನಂತೆ ಕೊಂಡು ಮತ್ತೆ ನಾಣ್ಯ ಹೊಡೆಯಬೇಕು. ಕೊಡುವ ಕೈಯಲ್ಲೇ ತನ್ನವರಿಗೂ ಒಂದಿಷ್ಟು ಉಳಿಸಿಕೊಂಡ ಜಾಣ!

ಕರಗಿದ ಡಾಲರುಗಳು 27,02,32,722. ಇದರಲ್ಲಿ ಬ್ರಿಟನ್ನಿಗೆ ಮಾರಿ ಭಾರತದ ನಾಣ್ಯಕ್ಕೆಂದು ಕಳಿಸಿದ್ದು 25,91,21,554 ಡಾಲರುಗಳ ಬೆಳ್ಳಿ. ಚೀಲದ ಲೆಕ್ಕದಲ್ಲಿ ಹೇಳುವುದಾದರೆ 2 ಲಕ್ಷ 59 ಸಾವಿರಕ್ಕೂ ಹೆಚ್ಚು ಚೀಲ. ಹತ್ತನೇ ತರಗತಿಯ ಮಕ್ಕಳು ಬೇಕಾದರೆ ಇಲ್ಲೊಂದು ಲೆಕ್ಕ ಮಾಡಬಹುದು. ಒಂದು ಡಾಲರಿನಲ್ಲಿ ಅಪ್ಪಟ ಬೆಳ್ಳಿ 24.06 ಗ್ರಾಂ. ನಮ್ಮ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ 10.69 ಗ್ರಾಂ. ಭಾಗಿಸಿದರೆ ಎರಡೂಕಾಲು ಬರುತ್ತದೆ. ಒಂದು ಡಾಲರಿನ ಬೆಳ್ಳಿಯಲ್ಲಿ ಎರಡೂಕಾಲು ರೂಪಾಯಿ, ಒಂದು ಚೀಲದಲ್ಲಿ 2,250 ರೂಪಾಯಿ. ಬಂದ ಬೆಳ್ಳಿಯೆಲ್ಲಾ ರೂಪಾಯಿಯಾದರೆ 58 ಕೋಟಿ. ಕಲ್ಕತ್ತಾ, ಬೊಂಬಾಯಿ ಟಂಕಸಾಲೆಗಳು ಆ ವರ್ಷಗಳಲ್ಲಿ ಪುರುಸೊತ್ತಿಲ್ಲದೆ ಕೆಲಸ ಮಾಡಿದವು. ಐದನೆಯ ಜಾರ್ಜ್ ದೊರೆಯ ತಲೆಯಿರುವ 1918, 1919, 1920ರ ರೂಪಾಯಿಗಳು ಇಂದಿಗೂ ಎಲ್ಲೆಂದರಲ್ಲಿ ಸಿಗುವುದು ಇದೇ ಕಾರಣಕ್ಕೆ. ಅವುಗಳಲ್ಲಿ ಯಾವುದು ಅಮೆರಿಕದ ಬೆಳ್ಳಿ, ಯಾವುದು ಬೇರೆ ಕಡೆಯದು ಎಂದು ಬೆರಳಿಟ್ಟು ತೋರಿಸಲಾಗದು. ಕರಗಿದ ಬೆಳ್ಳಿಗೆ ಜಾತಿಯಿಲ್ಲ.

ಅಷ್ಟೊಂದು ನಾಣ್ಯ ಕರಗಿಸಿದ್ದು ತಪ್ಪು ಎಂದು ನಾನು ಹೇಳಲಾರೆ. ನೆಲಮಾಳಿಗೆಯಲ್ಲಿ ಸುಮ್ಮನೆ ಬಿದ್ದಿದ್ದ ಬೆಳ್ಳಿ ಕೋಟಿಗಟ್ಟಲೆ ಜನರ ಕೂಲಿ, ಸಂಬಳ, ವ್ಯಾಪಾರವನ್ನು ನಡೆಸಿತು. ನಾಣ್ಯ ಇರುವುದೇ ಅದಕ್ಕೆ. ನನ್ನ ತಕರಾರಿರುವುದು ಲೆಕ್ಕದ ಪುಸ್ತಕದಲ್ಲಿ. ಕರಗಿದ್ದು 27 ಕೋಟಿ ಎಂದು ಕೊನೆಯ ಒಂದೊಂದು ನಾಣ್ಯದವರೆಗೆ ಬರೆದಿಟ್ಟವರು, ಅವು ಯಾವ ಇಸವಿಯವು, ಯಾವ ಟಂಕಸಾಲೆಯವು ಎಂದು ಬರೆಯಲಿಲ್ಲ. ಚೀಲಗಳು ಮೂಸೆಗೆ ಹೋದವು, ಅಷ್ಟೆ. ಅದರ ಫಲವಾಗಿ ಅಮೆರಿಕದ ನಾಣ್ಯ ಚರಿತ್ರೆಯಲ್ಲಿ ದೊಡ್ಡದೊಂದು ತೂತು ಬಿತ್ತು. ಯಾವ ವರ್ಷ ಎಷ್ಟು ಹೊಡೆದರು ಎಂಬುದು ಟಂಕಸಾಲೆಯ ವರದಿಯಲ್ಲಿದೆ. ಎಷ್ಟು ಉಳಿದವು ಎಂಬುದು ಇಲ್ಲ. 1895ರಲ್ಲಿ ಫಿಲಡೆಲ್ಫಿಯಾದಲ್ಲಿ ಚಲಾವಣೆಗೆಂದು 12,000 ಡಾಲರು ಹೊಡೆದದ್ದಾಗಿ ದಾಖಲೆ ಹೇಳುತ್ತದೆ. ಅವುಗಳಲ್ಲಿ ಒಂದಾದರೂ ಇಲ್ಲಿಯವರೆಗೆ ಸಿಕ್ಕಿಲ್ಲ. ಸಂಗ್ರಾಹಕರ ಬಳಿ ಇರುವುದೆಲ್ಲಾ ಆ ವರ್ಷ ಮಾದರಿಗೆಂದು ಬೇರೆಯಾಗಿ ಹೊಡೆದ 880 ನಾಣ್ಯಗಳ ಪೈಕಿಯವು.

ನೋಡದೆ ಕರಗಿಸಿದ್ದು ಹೀಗಾದರೆ, ನೋಡದೆ ಮುಚ್ಚಿಟ್ಟದ್ದರ ಕಥೆಯೂ ಅಷ್ಟೇ ಸ್ವಾರಸ್ಯವಾಗಿದೆ. 1903ರಲ್ಲಿ ನ್ಯೂ ಆರ್ಲಿಯನ್ಸ್ ಟಂಕಸಾಲೆ 44 ಲಕ್ಷ 50 ಸಾವಿರ ಡಾಲರು ಹೊಡೆದಿತ್ತು. ಆದರೆ ಚಲಾವಣೆಯಾಗದ ಹೊಸ ನಾಣ್ಯ ಯಾರಿಗೂ ಸಿಗುತ್ತಿರಲಿಲ್ಲ. ಎಲ್ಲವೂ 1918ರಲ್ಲಿ ಕರಗಿರಬೇಕು ಎಂದೇ ಎಲ್ಲರೂ ನಂಬಿದ್ದರು. 1962ರ ಹೊತ್ತಿಗೆ ಬೆಲೆಯ ಪುಸ್ತಕದಲ್ಲಿ ಅಂಥ ಒಂದು ನಾಣ್ಯಕ್ಕೆ 1,500 ಡಾಲರು. ಆ ವರ್ಷದ ಕೊನೆಗೆ, ಕ್ರಿಸ್ಮಸ್ ಉಡುಗೊರೆಗೆ ಬೆಳ್ಳಿ ಡಾಲರು ಬೇಕೆಂಬ ಬೇಡಿಕೆ ಬಂದಾಗ, ಫಿಲಡೆಲ್ಫಿಯಾದಲ್ಲಿ 1929ರಿಂದ ಬೀಗ ಬಿದ್ದಿದ್ದ ಒಂದು ಕೋಣೆಯಿಂದ ಚೀಲಗಳನ್ನು ಹೊರತೆಗೆದರು. ಬಾಯಿ ಬಿಚ್ಚಿದರೆ ಫಳಫಳ ಹೊಳೆಯುವ 1903ರ ನ್ಯೂ ಆರ್ಲಿಯನ್ಸ್ ಡಾಲರುಗಳು, ಸಾವಿರ ಸಾವಿರವಾಗಿ! ಬ್ಯಾಂಕಿನ ಕೌಂಟರಿನಲ್ಲಿ ಒಂದು ಡಾಲರಿಗೆ ಒಂದು ಡಾಲರಿನಂತೆ ಅವು ಕೈಬದಲಾದವು. ಸಾಲ ಮಾಡಿ 1,500 ಕೊಟ್ಟು ಕೊಂಡಿದ್ದವನ ಗತಿ ಏನಾಗಿರಬೇಕು, ಊಹಿಸಿಕೊಳ್ಳಿ.

ಸುದ್ದಿ ಹಬ್ಬಿತು. ಜನ ವಾಷಿಂಗ್ಟನ್ನಿನ ಖಜಾನೆಯ ಮುಂದೆ ಸಾಲುಗಟ್ಟಿ ನಿಂತರು. ಕೆಲವರು ಕೈಗಾಡಿಯನ್ನೇ ತಂದರು. ಸಾವಿರ ಡಾಲರಿನ ಕಾಗದ ಕೊಟ್ಟು ಮೊಹರು ಒಡೆಯದ ಒಂದು ಚೀಲ ಹೊತ್ತೊಯ್ಯಬಹುದಾಗಿತ್ತು. ಒಳಗೆ ಯಾವ ಇಸವಿ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು. ಬಿಚ್ಚಬೇಕೋ ಬೇಡವೋ ಎಂಬ ಪ್ರಶ್ನೆ ಈಗ ಸರ್ಕಾರದಿಂದ ಜನರ ಮನೆಗೆ ಬಂತು. ಬಿಚ್ಚದ ಚೀಲದೊಳಗೆ ಏನು ಬೇಕಾದರೂ ಇರಬಹುದು. ಆ "ಇರಬಹುದು" ಎಂಬುದಕ್ಕೇ ಒಂದು ಬೆಲೆಯಿತ್ತು. ಬಿಚ್ಚಿದ ಮೇಲೆ ಇದ್ದದ್ದು ಇದ್ದಷ್ಟೇ. ಹಾಗಾಗಿ ಎಷ್ಟೋ ಚೀಲಗಳು ಬಾಯಿ ಬಿಡದೆ ಕೈಯಿಂದ ಕೈಗೆ ಮಾರಾಟವಾದವು. ನನಗೇನೋ ಇದು ಲಾಟರಿ ಟಿಕೆಟನ್ನು ಫಲಿತಾಂಶ ನೋಡದೆ ಇನ್ನೊಬ್ಬನಿಗೆ ಮಾರಿದಂತೆ ಕಾಣುತ್ತದೆ. ಅಷ್ಟು ಒಳ್ಳೆಯದಿದ್ದರೆ ಮಾರುವವನೇ ಯಾಕೆ ಬಿಚ್ಚಿಲ್ಲ ಎಂಬ ಪ್ರಶ್ನೆಗೆ ಉತ್ತರವಿಲ್ಲ.

1964ರ ಮಾರ್ಚ್ 25ರಂದು ಖಜಾನೆಯ ಮಂತ್ರಿ ಡಗ್ಲಸ್ ಡಿಲನ್ ಈ ವಿನಿಮಯವನ್ನು ನಿಲ್ಲಿಸಿದರು. ಕೋಟಿಗಳ ರಾಶಿಯಲ್ಲಿ ಉಳಿದದ್ದು 30 ಲಕ್ಷಕ್ಕೂ ಕಡಿಮೆ ನಾಣ್ಯ. ಅವುಗಳಲ್ಲಿ ಬಹುಪಾಲು ಕಾರ್ಸನ್ ಸಿಟಿಯವು. ನೆವಾಡಾದ ಆ ಸಣ್ಣ ಊರಿನ ಟಂಕಸಾಲೆ ಎಂದೋ ಮುಚ್ಚಿಹೋಗಿತ್ತು. ಅಲ್ಲಿನ ನಾಣ್ಯಕ್ಕೆ ಬಹಳ ಬೆಲೆಯಿತ್ತು. ಸರ್ಕಾರ ಈ ಬಾರಿ ಅವಸರ ಮಾಡಲಿಲ್ಲ. 1970ರ ಕೊನೆಯಲ್ಲಿ ಕಾನೂನು ಮಾಡಿ, ಚೀಲಗಳನ್ನು ಬಿಚ್ಚಿ, ಒಂದೊಂದೇ ನಾಣ್ಯವನ್ನು ಕಣ್ಣಿಂದ ನೋಡಿ, ಇಸವಿ ಮತ್ತು ಟಂಕಸಾಲೆಯ ಪ್ರಕಾರ ಬೇರ್ಪಡಿಸಿ, ಹೊಸತು, ಗೀರು ಬಿದ್ದದ್ದು, ಸವೆದದ್ದು ಎಂದು ವಿಂಗಡಿಸಿ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, 1972ರಿಂದ 1980ರವರೆಗೆ ಹಲವು ಕಂತುಗಳಲ್ಲಿ ಅಂಚೆಯ ಮೂಲಕ ಮಾರಿತು. ಬೊಕ್ಕಸಕ್ಕೆ 10 ಕೋಟಿ ಡಾಲರಿಗೂ ಮಿಗಿಲಾಗಿ ಬಂತು. ಹಣಕ್ಕಿಂತ ನನಗೆ ಹೆಚ್ಚು ಮುಖ್ಯವಾಗಿ ತೋರುವುದು ಆ ಪಟ್ಟಿ. 1884ರಲ್ಲಿ ಕಾರ್ಸನ್ ಸಿಟಿಯಲ್ಲಿ ಹೊಡೆದದ್ದು 11 ಲಕ್ಷ 36 ಸಾವಿರ ಡಾಲರು. ಅದರಲ್ಲಿ 9 ಲಕ್ಷ 60 ಸಾವಿರಕ್ಕೂ ಹೆಚ್ಚು ನಾಣ್ಯ ಇದೇ ರಾಶಿಯಲ್ಲಿತ್ತು. ಅಂದರೆ ಹೊಡೆದ ನಾಣ್ಯಗಳಲ್ಲಿ ನೂರಕ್ಕೆ 84ರಷ್ಟು 80 ವರ್ಷಕ್ಕೂ ಹೆಚ್ಚು ಕಾಲ ಚೀಲದಲ್ಲೇ ಇದ್ದವು. ಬೆಳ್ಳಿ ಡಾಲರು ಯಾರಿಗೂ ಬೇಡವಾಗಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಯಾವುದು? 1918ರಲ್ಲಿಯೂ ಇಂಥದೊಂದು ಪಟ್ಟಿ ಬರೆದಿದ್ದರೆ ಇಂದು ಎಷ್ಟು ಪ್ರಶ್ನೆಗಳು ಇರುತ್ತಲೇ ಇರಲಿಲ್ಲ.

ಬಿಚ್ಚುವುದರಲ್ಲೂ ರೀತಿಯಿದೆ. ನೆವಾಡಾದ ರೀನೊ ಊರಿನಲ್ಲಿ ಲವೇರ್ ರೆಡ್‌ಫೀಲ್ಡ್ ಎಂಬ ಶ್ರೀಮಂತ 1974ರಲ್ಲಿ ತೀರಿಕೊಂಡಾಗ ಆತನ ಮನೆಯ ನೆಲಮಾಳಿಗೆಯಲ್ಲಿ 4 ಲಕ್ಷಕ್ಕೂ ಹೆಚ್ಚು ಬೆಳ್ಳಿ ಡಾಲರು ಸಿಕ್ಕವು. 1976ರಲ್ಲಿ ಅವು 73 ಲಕ್ಷ ಡಾಲರಿಗೆ ಹರಾಜಾದವು. ಆದರೆ ಎಣಿಸುವ ಅವಸರದಲ್ಲಿ ಅವನ್ನು ಯಂತ್ರಕ್ಕೆ ಸುರಿದಿದ್ದರು. ಹೊಚ್ಚಹೊಸದಾಗಿ ಉಳಿದಿದ್ದ ಎಷ್ಟೋ ನಾಣ್ಯಗಳ ಕೆನ್ನೆಯ ಮೇಲೆ ಯಂತ್ರದ ಗೀರು ಬಿತ್ತು. ಅಷ್ಟು ವರ್ಷ ಕಾಪಾಡಿದ್ದು ಒಂದೇ ದಿನದಲ್ಲಿ ಹಾಳಾಯಿತು.

ಈಗ ನಮ್ಮ ಮನೆಗಳ ಗಂಟಿಗೆ ಬರೋಣ. ಅವು ಗಂಟಾದದ್ದು ಹೇಗೆ ಎಂಬುದೂ ಚರಿತ್ರೆಯೇ. 1940ರಲ್ಲಿ, ಎರಡನೆಯ ಮಹಾಯುದ್ಧದ ಹೊತ್ತಿಗೆ, ಸರ್ಕಾರ ರೂಪಾಯಿಯಲ್ಲಿನ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಮುಂದಿನ ಕೆಲವೇ ವರ್ಷಗಳಲ್ಲಿ ರಾಣಿ ವಿಕ್ಟೋರಿಯಾ, ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್ ಹೀಗೆ ಸಾಲಾಗಿ ಹಳೆಯ ಅಪ್ಪಟ ರೂಪಾಯಿಗಳನ್ನು ಚಲಾವಣೆಯಿಂದ ಹಿಂತೆಗೆದುಕೊಂಡಿತು. ಹಿಂತಿರುಗಿಸಿದವರು ಹಿಂತಿರುಗಿಸಿದರು, ಹಳೆಯದರಲ್ಲಿ ಬೆಳ್ಳಿ ಹೆಚ್ಚೆಂದು ಅರಿತ ಹೆಂಗಸರು ಮಾತ್ರ ಅದನ್ನು ಗಂಟು ಕಟ್ಟಿದರು. ಅದೇ ಯುದ್ಧದಲ್ಲಿ ಅಮೆರಿಕ ಮತ್ತೊಮ್ಮೆ ನಮಗೆ ಸುಮಾರು 22 ಕೋಟಿ 60 ಲಕ್ಷ ಔನ್ಸ್ ಬೆಳ್ಳಿಯನ್ನು ಕೊಟ್ಟಿತು, ಈ ಬಾರಿ ಸಾಲವಾಗಿ. ಸ್ವಾತಂತ್ರ್ಯ ಬಂದು, ದೇಶ ಎರಡಾಗಿ, 1957ರ ಹೊತ್ತಿಗೆ ಆ ಸಾಲ ತೀರಿತು. ಅದಕ್ಕಾಗಿ ಆ ಅರ್ಧ ಬೆಳ್ಳಿಯ ರೂಪಾಯಿಗಳನ್ನೇ ಒಟ್ಟುಮಾಡಿ, ಕಲ್ಕತ್ತೆಯ ಅಲಿಪುರದಲ್ಲಿ ಶುದ್ಧೀಕರಣ ಘಟಕ ಕಟ್ಟಿ, ಬೆಳ್ಳಿಯನ್ನು ಬೇರ್ಪಡಿಸಬೇಕಾಯಿತು.

ಗಂಟು ಬಿಚ್ಚುವ ಮೊದಲು ಅದು ಯಾರದು ಎಂದು ಕೇಳಬೇಕು. ಹಳದಿ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿ ಇಟ್ಟದ್ದಾದರೆ ಅದು ಮುಡಿಪು. ಹರಕೆ ಹೊತ್ತವರು ತೀರಿಹೋದರೂ ಹರಕೆ ತೀರಿರುವುದಿಲ್ಲ. ಅದನ್ನು ಬಿಚ್ಚುವ ಮಾತು ಮನೆಯ ಹಿರಿಯರಿಗೆ ಬಿಟ್ಟದ್ದು. ಮನೆ ಕೆಡವುವಾಗ ಗೋಡೆಯಲ್ಲೋ ನೆಲದಲ್ಲೋ ಹುದುಗಿದ್ದು ಸಿಕ್ಕರೆ ಅದು ನಿಧಿ. 1878ರ ನಿಧಿ ಕಾಯ್ದೆಯ ಪ್ರಕಾರ 10 ರೂಪಾಯಿಗೆ ಮೀರಿದ ನಿಧಿ ಸಿಕ್ಕವರು ಕಲೆಕ್ಟರಿಗೆ ಬರೆದು ತಿಳಿಸಬೇಕಾಗಿತ್ತು; ಕರ್ನಾಟಕದಲ್ಲಿ ಇದಕ್ಕೆ 1962ರ ಪ್ರತ್ಯೇಕ ಕಾಯ್ದೆಯಿದೆ. ಅಂಥದ್ದನ್ನು ರಾತ್ರೋರಾತ್ರಿ ಅಕ್ಕಸಾಲಿಗೆ ಸಾಗಿಸುವುದು ಅಪರಾಧ.

ಪೆಟ್ಟಿಗೆಯಲ್ಲಿದ್ದ, ಮನೆಯದೇ ಆದ ಗಂಟಾದರೆ, ಬಿಚ್ಚಿ ಎಂದೇ ನಾನು ಹೇಳುವವನು. ಒಳಗೇನಿದೆ ಎಂದು ತಿಳಿಯದೆ ಪೂಜೆ ಮಾಡಿಕೊಂಡಿರುವುದರಿಂದ ಯಾರಿಗೂ ಲಾಭವಿಲ್ಲ. ಆದರೆ ಬಿಚ್ಚದೆಯೇ ತಿಳಿಯಬಹುದಾದದ್ದನ್ನು ಮೊದಲು ತಿಳಿದುಕೊಳ್ಳಿ. ತೂಕ ಹಾಕಿ: ನೂರು ರೂಪಾಯಿ ಇದ್ದರೆ ಬಟ್ಟೆಯ ತೂಕ ಬಿಟ್ಟು 1 ಕಿಲೋ 166 ಗ್ರಾಂ ಬರಬೇಕು, ಸವೆದಿದ್ದರೆ ತುಸು ಕಡಿಮೆ. ಬಟ್ಟೆಯ ಮೇಲೊಂದು ಅಯಸ್ಕಾಂತ ಹಿಡಿಯಿರಿ. ಬೆಳ್ಳಿ ಅಂಟುವುದಿಲ್ಲ, 1947ರ ರೂಪಾಯಿ ಅಷ್ಟೇ ತೂಕದ್ದು, ಆದರೆ ಪೂರ್ತಿ ನಿಕ್ಕಲ್, ಅದು ಅಂಟುತ್ತದೆ. ಅರ್ಧ ಬೆಳ್ಳಿಯ 1940ರ ನಂತರದ ರೂಪಾಯಿಯ ತೂಕವೂ ಒಂದು ತೊಲವೇ ಆದ್ದರಿಂದ ಅದನ್ನು ಮಾತ್ರ ಕಣ್ಣಿಂದಲೇ ನೋಡಬೇಕು. ಗಂಟಿನ, ಮೊಹರಿನ ಚಿತ್ರ ತೆಗೆದಿಡಿ. ಅರಗನ್ನು ಒಡೆಯಬೇಡಿ, ಹುರಿಯನ್ನು ಇನ್ನೊಂದು ಕಡೆಯಿಂದ ಕತ್ತರಿಸಿದರೆ ಮೊಹರು ಇಡಿಯಾಗಿ ಉಳಿಯುತ್ತದೆ. ಒಳಗೆ ಚೀಟಿಯೇನಾದರೂ ಇದ್ದರೆ ಅದು ನಾಣ್ಯಕ್ಕಿಂತ ಹೆಚ್ಚಿನದು.

ಆಮೇಲೆ ದಯವಿಟ್ಟು ಉಜ್ಜಬೇಡಿ. ವರಮಹಾಲಕ್ಷ್ಮಿ ಹಬ್ಬಕ್ಕೆಂದು ಹುಣಸೆಹಣ್ಣು, ಬೂದಿ, ಪಾತ್ರೆ ಪುಡಿ ಹಾಕಿ ತಿಕ್ಕಿದ ರೂಪಾಯಿಗಳನ್ನು ನಾನು ಬಹಳ ಕಂಡಿದ್ದೇನೆ. ರಾಣಿಯ ಮೂಗೂ ಇಲ್ಲ, ಇಸವಿಯೂ ಇಲ್ಲ. ಬಟ್ಟೆಗೆ ತಾಗಿಕೊಂಡೇ ಇದ್ದ ನಾಣ್ಯದ ಮೇಲೆ ನೀಲಿ, ಕೆಂಪು, ಚಿನ್ನದ ಬಣ್ಣದ ಛಾಯೆ ಮೂಡಿರುತ್ತದೆ. ಬಟ್ಟೆಯಲ್ಲಿನ ಗಂಧಕದ ಅಂಶ ಬೆಳ್ಳಿಯೊಡನೆ ಸೇರಿ ಆಗುವ ಬಣ್ಣ ಅದು. ಅಮೆರಿಕದ ಚೀಲಗಳಲ್ಲೂ ಹೀಗೆಯೇ ಆಗಿದೆ, ಅಂಥ ನಾಣ್ಯಕ್ಕೆ ಅಲ್ಲಿ ಹೆಚ್ಚು ಬೆಲೆ. ಅದನ್ನು ಕೊಳೆಯೆಂದು ತಿಳಿದು ತೆಗೆಯುವುದು ನಾವು.

ಕೊನೆಗೆ ಒಂದು ಹಾಳೆ ತೆಗೆದುಕೊಂಡು ಬರೆಯಿರಿ: ಯಾವ ದಿನ ಬಿಚ್ಚಿದ್ದು, ಯಾರ ಯಾರ ಎದುರು, ಗಂಟು ಎಲ್ಲಿತ್ತು, ಎಷ್ಟು ತೂಕ, ಯಾವ ದೊರೆಯ ಕಾಲದ್ದು ಎಷ್ಟು, ಯಾವ ಇಸವಿಯದು ಎಷ್ಟು. ಅದರ ಪ್ರತಿ ಪಾಲುದಾರರಿಗೆಲ್ಲಾ ಇರಲಿ. ಮನೆಯ ಹೆಸರು ತೆಗೆದ ಒಂದು ಪ್ರತಿಯನ್ನು ನಮ್ಮ ಶಾಲೆಯ ಗ್ರಂಥಾಲಯಕ್ಕೆ ಕೊಟ್ಟರೆ ಸಂತೋಷ. ಹೆಸರು ಬೇಡ ಎನ್ನುವುದು ಕಳ್ಳರ ಭಯಕ್ಕೆ. ಆಮೇಲೆ ಹಂಚಿಕೊಳ್ಳಿ, ಇಟ್ಟುಕೊಳ್ಳಿ, ಮಗಳ ಮದುವೆಗೆಂದು ಕರಗಿಸಲೇಬೇಕಾಗಿದ್ದರೆ ಕರಗಿಸಿ, ಪಟ್ಟಿಯಂತೂ ಉಳಿಯುತ್ತದೆ.

ಪಟ್ಟಿ ಬರೆಯುವಾಗ ಐದನೆಯ ಜಾರ್ಜ್ ದೊರೆಯ ರೂಪಾಯಿಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. 1911ರದು ಸಿಕ್ಕರೆ ದೊರೆಯ ನಿಲುವಂಗಿಯ ಮೇಲಿನ ಆನೆಯನ್ನು ಗಮನಿಸಿ; ಅದು ಹಂದಿಯಂತೆ ಕಾಣುತ್ತದೆಂದು ಗಲಾಟೆಯಾಗಿ ಮರುವರ್ಷ ಅಚ್ಚನ್ನೇ ತಿದ್ದಿದರು. 1918, 1919, 1920ರವನ್ನು ಬೇರೆ ಗುಡ್ಡೆ ಮಾಡಿ. ನಾಣ್ಯದ ಹಿಂಬದಿಯಲ್ಲಿ ಕೆಳಗಿನ ಕಮಲದ ಅಡಿ ಸಣ್ಣ ಚುಕ್ಕೆಯಿದ್ದರೆ ಬೊಂಬಾಯಿಯದು, ಇಲ್ಲದಿದ್ದರೆ ಕಲ್ಕತ್ತೆಯದು. ಆ ಗುಡ್ಡೆಯಲ್ಲಿ ಚುಕ್ಕೆಯಿರುವುದೆಷ್ಟು, ಇಲ್ಲದ್ದೆಷ್ಟು ಎಂದು ಎಣಿಸಿ, ಹಾಳೆಯ ಕೊನೆಯಲ್ಲಿ ಬರೆದಿಡಿ.